ಗ್ಯಾರೇಜ್ ಕಟ್ಟೆ: ಬೋಲ್ಟು ಕೂತರೆ ಸಾಲದು, ಚಕ್ರ ತಿರುಗಬೇಕು

ಮಳೆಗಾಲ ಹತ್ತಿರ ಬಂತು ಅಂದರೆ ಥಾರ್, ಜಿಮ್ನಿ, ಜೀಪು ಇಟ್ಟುಕೊಂಡವರಿಗೆಲ್ಲ ಹೊಸ ರಿಮ್ಮು, ಹೊಸ ಟೈರಿನ ಆಸೆ ಹತ್ತುತ್ತದೆ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಅದರ ಬಗ್ಗೆಯೇ, ಅದರಲ್ಲೂ ರಿಮ್ಮಿಗೂ ಬ್ರೇಕಿಗೂ ನಡೆಯುವ ಜಗಳದ ಬಗ್ಗೆ. ಕ್ಲಚ್ಚು, ಮೈಲೇಜು ಕೇಳಿದವರು ದಯವಿಟ್ಟು ಮುಂದಿನ ತಿಂಗಳವರೆಗೆ ಕಾಯಿರಿ.

ಪ್ರ: ಸಾರ್, ನನ್ನದು ಐದು ಬಾಗಿಲಿನ ಜಿಮ್ನಿ. ಕಂಪನಿ ರಿಮ್ಮಿನ ಬದಲು 15 ಇಂಚಿನದೇ, ಆದರೆ 7 ಇಂಚು ಅಗಲದ ಅಲಾಯ್ ತಂದೆ. ಪಿಸಿಡಿ 5×139.7, ನಡುವಿನ ತೂತು 108 ಮಿ.ಮೀ., ಆಫ್‌ಸೆಟ್ ಸೊನ್ನೆ. ಎಲ್ಲ ನಿಮ್ಮ ಗಾಡಿಗೇ ಮಾಡಿದ ಹಾಗಿದೆ ಅಂತ ಅಂಗಡಿಯವರು ಹೇಳಿದರು. ಹಿಂದಿನ ಎರಡು ಸಲೀಸಾಗಿ ಕೂತವು. ಮುಂದೆ ಹಾಕಿ ನಟ್ ಬಿಗಿ ಮಾಡಿದರೆ ಚಕ್ರ ತಿರುಗುವುದೇ ಇಲ್ಲ! ನಂಬರ್ ಎಲ್ಲ ಸರಿ ಇದ್ದೂ ಹೀಗೇಕೆ? ರಿಮ್ಮಿನ ಹಿಂದೆ ಸ್ಪೇಸರ್ ಅನ್ನುವ ಬಿಲ್ಲೆ ಹಾಕಿದರೆ ಸರಿಹೋಗುತ್ತದೆ ಅನ್ನುತ್ತಿದ್ದಾರೆ. ಹಾಕಿಸಲಾ?
— ಮೈಸೂರು

ಉ: ನಿಮ್ಮ ನಂಬರುಗಳಲ್ಲಿ ತಪ್ಪಿಲ್ಲ. ತೊಂದರೆ ಏನೆಂದರೆ, ಅದರಲ್ಲಿ ಒಂದು ನಂಬರೂ ಬ್ರೇಕಿನ ಬಗ್ಗೆ ಏನೂ ಹೇಳುವುದಿಲ್ಲ. ಪಿಸಿಡಿ ಎಷ್ಟು ಬೋಲ್ಟು, ಅವು ಎಷ್ಟು ಮಿ.ಮೀ. ಅಗಲದ ವೃತ್ತದ ಮೇಲಿವೆ ಅಂತ ಹೇಳುತ್ತದೆ. ನಡುವಿನ ತೂತು ಹಬ್ಬಿಗೆ, ಅಂದರೆ ಗಾಡಿಯಲ್ಲಿ ಚಕ್ರ ಹೊರುವ ನಡುಭಾಗಕ್ಕೆ, ಕೂರುತ್ತದಾ ಅಂತ ಹೇಳುತ್ತದೆ. ಆಫ್‌ಸೆಟ್ ಅಂದರೆ ರಿಮ್ಮಿನ ಅಗಲದ ನಡುಗೆರೆಯಿಂದ ಬೋಲ್ಟು ಕೂರುವ ಮುಖ ಎಷ್ಟು ದೂರ ಇದೆ ಅನ್ನೋದು, ಅಷ್ಟೇ. ಆ ಮುಖದಿಂದ ಹೊರಟ ಸ್ಪೋಕು ಹೊರಕ್ಕೆ ಉಬ್ಬಿಕೊಂಡು ಹೋಗುತ್ತದಾ, ನೇರ ಹೋಗುತ್ತದಾ, ಒಳಗೆ ತಗ್ಗುತ್ತದಾ ಅನ್ನೋದನ್ನು ಯಾರೂ ರಿಮ್ಮಿನ ಮೇಲೆ ಅಚ್ಚು ಹಾಕುವುದಿಲ್ಲ. ಎರಡು ಕಂಪನಿಯ ರಿಮ್ಮು ತನ್ನಿ, ಎರಡೂ 15×7, ಎರಡೂ ಸೊನ್ನೆ ಆಫ್‌ಸೆಟ್, ಒಂದು ನಿಮ್ಮ ಕ್ಯಾಲಿಪರ್ (ಬ್ರೇಕ್ ಡಿಸ್ಕನ್ನು ಎರಡೂ ಕಡೆಯಿಂದ ಹಿಡಿಯುವ ಭಾಗ) ಮೇಲೆ ಆರಾಮಾಗಿ ತಿರುಗುತ್ತದೆ, ಇನ್ನೊಂದು ಕಚ್ಚಿಕೊಳ್ಳುತ್ತದೆ. ಒಳಗೆ ತಗ್ಗಿದ ಹಾಗೆ ಕಾಣುವ ಡೀಪ್ ಡಿಶ್ ಡಿಸೈನು ನೋಡಲು ಚೆಂದ, ಆದರೆ ಹೆಚ್ಚು ತಗಾದೆ ತೆಗೆಯುವುದು ಅದೇ.

ಹಿಂದೆ ಯಾಕೆ ಕೂತವು ಅಂದರೆ ಜಿಮ್ನಿಗೆ ಹಿಂದೆ ಇರುವುದು ಡ್ರಮ್. ಅಲ್ಲಿ ಚಾಚಿಕೊಂಡಿರುವ ಕ್ಯಾಲಿಪರ್ರೇ ಇಲ್ಲ.

ಈಗ ಮೊದಲು ಮಾಡಬೇಕಾದ್ದು, ಎಲ್ಲಿ ತಾಗುತ್ತಿದೆ ಅಂತ ಪತ್ತೆ ಹಚ್ಚುವುದು. ಕ್ಯಾಲಿಪರ್ ಮೇಲೆ ಸುಮ್ನೆ ಒಂದು ಸೀಮೆಸುಣ್ಣ ದಪ್ಪಗೆ ಉಜ್ಜಿ. ರಿಮ್ ಹಾಕಿ, ನಟ್ ಕೈಯಲ್ಲೇ ಬಿಗಿ ಮಾಡಿ, ಅಲ್ಲಾಡಿಸಿ ಬಿಚ್ಚಿ. ಸುಣ್ಣ ಸ್ಪೋಕಿನ ಬೆನ್ನಿಗೆ ಅಂಟಿದ್ದರೆ ಒಂದು ಕಥೆ. ರಿಮ್ಮಿನ ಒಳಗೋಡೆಗೆ ಅಂಟಿದ್ದರೆ ಇನ್ನೊಂದು ಕಥೆ. ಇವೆರಡೂ ಸೇರುವ ಮೂಲೆ ಇದೆಯಲ್ಲ, ಸ್ಪೋಕು ಬಾಗಿ ಗೋಡೆಗೆ ಕೂಡಿಕೊಳ್ಳುವ ಜಾಗ, ಅಲ್ಲಿ ತಾಗುವುದನ್ನು ಜನ ಗಮನಿಸುವುದೇ ಕಡಿಮೆ. ಕ್ಯಾಲಿಪರಿನ ಹೊರಮೂಲೆ ಅಲ್ಲಿಗೇ ಹೋಗಿ ಕೂತಿರುತ್ತದೆ.

ಸ್ಪೋಕಿಗೆ ತಾಗುತ್ತಿದ್ದರೆ ಮಾತ್ರ ಸ್ಪೇಸರ್‌ಗೆ ಅರ್ಥ ಇದೆ, ಯಾಕೆಂದರೆ ಅದು ರಿಮ್ಮನ್ನು ಹೊರಕ್ಕೆ ತಳ್ಳುತ್ತದೆ. ಒಳಗೋಡೆಗೆ ತಾಗುತ್ತಿದ್ದರೆ ಹೊರಕ್ಕೆ ತಳ್ಳಿ ಬಹುತೇಕ ಪ್ರಯೋಜನ ಇಲ್ಲ, ಗೋಡೆಯ ಸುತ್ತಳತೆ ಹಾಗೇ ಇರುತ್ತದಲ್ಲ.

ಆದರೂ ನಿಮಗೆ ಸ್ಪೇಸರ್ ಬೇಡ ಅಂತಲೇ ಹೇಳುತ್ತೇನೆ. ಲೆಕ್ಕ ನೋಡಿ. ಕಂಪನಿಯ ರಿಮ್ಮು 15×5.5, ಆಫ್‌ಸೆಟ್ ಪ್ಲಸ್ 5, ಅಂದರೆ ಬೋಲ್ಟು ಕೂರುವ ಮುಖ ನಡುಗೆರೆಯಿಂದ 5 ಮಿ.ಮೀ. ಹೊರಗಿದೆ. ನೀವು ತಂದದ್ದು 7 ಇಂಚು, ಸೊನ್ನೆ. ಆಗಲೇ ನಿಮ್ಮ ರಿಮ್ಮಿನ ಹೊರ ಅಂಚು 24 ಮಿ.ಮೀ. ಹೊರಗೆ ಹೋಗಿದೆ, ಒಳ ಅಂಚು 14 ಮಿ.ಮೀ. ಒಳಗೆ ಬಂದಿದೆ. ಇದರ ಮೇಲೆ ಬೋಲ್ಟ್ ಹಾಕುವ ಥರದ 25 ಮಿ.ಮೀ. ಸ್ಪೇಸರ್ ಕೂರಿಸಿದರೆ ಹೊರ ಅಂಚು ಹತ್ತಿರ ಹತ್ತಿರ 5 ಸೆಂ.ಮೀ. ಹೊರಗೆ. ವೀಲ್ ಬೇರಿಂಗಿಗೆ ಭಾರ, ಕಿಂಗ್‌ಪಿನ್ (ಮುಂದಿನ ಚಕ್ರ ಎಡಬಲ ತಿರುಗುವ ಕೀಲು) ಬೇರಿಂಗಿಗೆ ಭಾರ, ಕೆಸರೆಲ್ಲ ಬಾಗಿಲಿಗೆ. ಜಿಮ್ನಿ ಥರದ ಗಟ್ಟಿ ಆಕ್ಸಲ್ ಗಾಡಿಗಳಲ್ಲಿ ಕಿಂಗ್‌ಪಿನ್ ಸಡಿಲವಾದರೆ ಸ್ಟೀರಿಂಗ್ ಗಡಗಡ ನಡುಗುವುದು ಹೊಸ ವಿಷಯ ಏನಲ್ಲ.

ಇನ್ನು 5 ಮಿ.ಮೀ. ತಟ್ಟೆ ಥರದ ಸ್ಪೇಸರ್. ಅದನ್ನು ಹಾಕಿದರೆ ನಟ್ಟಿಗೆ ಸಿಗುವ ಥ್ರೆಡ್ ಅಷ್ಟು ಕಡಿಮೆ ಆಗುತ್ತದೆ. ಸ್ಟಡ್ (ನಟ್ ಕೂರುವ ಬೋಲ್ಟು) ಎಷ್ಟು ದಪ್ಪವೋ ಕನಿಷ್ಠ ಅಷ್ಟು ಉದ್ದ ನಟ್ಟು ಒಳಗೆ ಹೋಗಿರಬೇಕು ಅನ್ನೋದು ಹಳೆಯ ಲೆಕ್ಕ. ಜಿಮ್ನಿಯ ಸ್ಟಡ್ 12 ಮಿ.ಮೀ., ಪಿಚ್ (ಒಂದು ಸುತ್ತಿಗೆ ನಟ್ಟು ಇಳಿಯುವ ದೂರ) 1.25, ಅಂದರೆ ಸರಿಸುಮಾರು ಹತ್ತು ಸುತ್ತು. ಸ್ಪೇಸರ್ ಇಟ್ಟು ಕೈಯಲ್ಲಿ ತಿರುಗಿಸಿ ಎಣಿಸಿ. ಆರೇಳು ಸುತ್ತಿಗೆ ನಿಂತರೆ ಆ ಗಾಡಿ ಹತ್ತಬೇಡಿ.

ಟೈರ್ ಇನ್ನೂ ಹಾಕಿಸಿಲ್ಲ ಅಂತ ಅಂದುಕೊಳ್ಳುತ್ತೇನೆ. ಹಾಗಿದ್ದರೆ ರಿಮ್ಮು ವಾಪಸ್ ಕೊಡಿ, ಬೇರೆ ಸ್ಪೋಕಿನದು ತಂದು ಬರೀ ರಿಮ್ಮನ್ನೇ ಮುಂದೆ ಹಾಕಿ ನೋಡಿ. ಟೈರ್ ಏರಿಸಿದ ಮೇಲೆ ಯಾವ ಅಂಗಡಿಯವರೂ ವಾಪಸ್ ತೆಗೆದುಕೊಳ್ಳುವುದಿಲ್ಲ, ಗೆರೆ ಬಿದ್ದಿದೆ ಅಂತಾರೆ, ಅವರು ಹೇಳುವುದೂ ನಿಜವೇ ಇರುತ್ತದೆ.

ಪ್ರ: ಆನ್‌ಲೈನಲ್ಲಿ ರಿಮ್ ತರಿಸುವ ಮುಂಚೆ ಮನೆಯಲ್ಲೇ ಅಳತೆ ತೆಗೆದು ಇದು ಬ್ರೇಕಿಗೆ ತಾಗುವುದಿಲ್ಲ ಅಂತ ಗ್ಯಾರಂಟಿ ಮಾಡಿಕೊಳ್ಳಬಹುದಾ?
— ಹಾಸನ

ಉ: ಗ್ಯಾರಂಟಿ ಅಂತ ಹೇಳಲಾರೆ, ಆದರೆ ತಾಗುವುದು ಖಂಡಿತ ಅನ್ನುವಂಥದ್ದನ್ನು ಮೊದಲೇ ಬಿಟ್ಟುಬಿಡಬಹುದು.

ಜಾಕಿ ಕೊಟ್ಟು, ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಮುಂದಿನ ಚಕ್ರ ಬಿಚ್ಚಿ. ಹಬ್ಬಿನ ಮುಖಕ್ಕೆ, ಅಂದರೆ ರಿಮ್ಮು ಒತ್ತಿಕೊಳ್ಳುವ ಜಾಗಕ್ಕೆ, ಒಂದು ನೇರ ಪಟ್ಟಿ ಅಡ್ಡ ಹಿಡಿಯಿರಿ. ಕ್ಯಾಲಿಪರ್ ಆ ಪಟ್ಟಿಗಿಂತ ಆಚೆಗೆ ಎಷ್ಟು ಚಾಚಿದೆ ಅಂತ ಅಳೆಯಿರಿ. ಆಮೇಲೆ ಹಬ್ಬಿನ ನಡುಬಿಂದುವಿನಿಂದ ಕ್ಯಾಲಿಪರಿನ ಅತಿ ದೂರದ ಮೂಲೆಗೆ ಎಷ್ಟು ಅಂತ ಅಳೆಯಿರಿ. ದಪ್ಪ ರಟ್ಟಿನಲ್ಲಿ ಈ ಆಕಾರವನ್ನೇ ಕತ್ತರಿಸಿಕೊಂಡರೆ ಇನ್ನೂ ಒಳ್ಳೆಯದು, ಅಂಗಡಿಗೆ ಹೋದಾಗ ರಿಮ್ಮಿನ ಬೆನ್ನಿಗೆ ಇಟ್ಟು ಒಂದು ಸುತ್ತು ತಿರುಗಿಸಿ ನೋಡಬಹುದು. ಹೆಸರಿರುವ ಕೆಲವು ರಿಮ್ ಕಂಪನಿಗಳು ಕ್ಯಾಲಿಪರಿಗೆ ಎಷ್ಟು ಜಾಗ ಇದೆ ಅನ್ನುವ ನಕ್ಷೆಯನ್ನು ಕೇಳಿದರೆ ಕೊಡುತ್ತವೆ. ಕೇಳಿ, ನಾಚಿಕೆ ಏನಿಲ್ಲ.

ಇಲ್ಲಿ ಒಂದು ಕಡೆ ಜನ ಎಡವುತ್ತಾರೆ. 15 ಇಂಚು ಅಂದರೆ 381 ಮಿ.ಮೀ., ಅರ್ಧ 190, ನನ್ನ ಕ್ಯಾಲಿಪರ್ ಮೂಲೆ 175ಕ್ಕೆ ಮುಗಿಯುತ್ತದೆ, ಸಾಕಷ್ಟು ಜಾಗ ಇದೆ ಅಂತ ಲೆಕ್ಕ ಹಾಕುತ್ತಾರೆ. ಆ 381 ಟೈರಿನ ಅಂಚು ಕೂರುವ ಜಾಗದ ಅಳತೆ. ರಿಮ್ಮಿನ ನಡುವೆ ಟೈರ್ ಏರಿಸುವುದಕ್ಕೆ ಅಂತ ಒಂದು ತಗ್ಗು ಬಿಟ್ಟಿರುತ್ತಾರೆ, ಆ ತಗ್ಗಿನ ಆಳ ಮತ್ತು ಲೋಹದ ದಪ್ಪ ಎರಡೂ ಒಳಗಿನ ಜಾಗವನ್ನೇ ತಿನ್ನುತ್ತವೆ. ಆ ತಗ್ಗು ಇರುವಲ್ಲಿ 20 ಮಿ.ಮೀ.ಗಿಂತ ಜಾಸ್ತಿಯೇ ಕಡಿಮೆ ಆಗುತ್ತದೆ. ಆ ತಗ್ಗು ನಿಮ್ಮ ಕ್ಯಾಲಿಪರಿನ ನೆತ್ತಿಯ ಮೇಲೇ ಬರುತ್ತದಾ, ಪಕ್ಕಕ್ಕೆ ಬರುತ್ತದಾ ಅನ್ನೋದು ಒಂದೊಂದು ರಿಮ್ಮಿಗೆ ಒಂದೊಂದು ಥರ.

ರಿಮ್ಮು ಕೈಗೆ ಬಂದ ಮೇಲೆ ಕೊನೆಯ ಪರೀಕ್ಷೆ ಅಡುಗೆಮನೆಯಲ್ಲೇ ಇದೆ. ಚಪಾತಿ ಹಿಟ್ಟು ಸ್ವಲ್ಪ ಗಟ್ಟಿಯಾಗಿ ಕಲಸಿ, ತೆಳು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಕ್ಯಾಲಿಪರಿನ ಮುಖ, ನೆತ್ತಿ, ಮೂಲೆ ಮೂರೂ ಕಡೆ ಉಂಡೆ ಅಂಟಿಸಿ. ಮಕ್ಕಳು ಆಡುವ ಕ್ಲೇ ಇದ್ದರೂ ಆಯಿತು. ಡಿಸ್ಕಿಗೆ, ಪ್ಯಾಡಿಗೆ ತಾಗದ ಹಾಗೆ ನೋಡಿಕೊಳ್ಳಿ. ರಿಮ್ ಹಾಕಿ, ನಟ್ಟೆಲ್ಲ ಬಿಗಿ ಮಾಡಿ, ಪೂರ್ತಿ ಒಂದು ಸುತ್ತು ತಿರುಗಿಸಿ ಬಿಚ್ಚಿ. ಚಪ್ಪಟೆಯಾದ ಹಿಟ್ಟನ್ನು ಬ್ಲೇಡಿನಲ್ಲಿ ಕುಯ್ದು ದಪ್ಪ ಅಳೆಯಿರಿ. ಟಾರ್ ರಸ್ತೆಗೆ ಕನಿಷ್ಠ 3 ಮಿ.ಮೀ. ಬೇಕು ಅನ್ನೋದು ಎಲ್ಲರೂ ಹೇಳುವ ಮಾತು. ಕಲ್ಲು, ಕೆಸರಿನಲ್ಲಿ ಓಡಿಸುವವರಿಗೆ ನಾನು 5ಕ್ಕಿಂತ ಕಡಿಮೆ ಒಪ್ಪುವುದಿಲ್ಲ. ರಿಮ್ಮು ಬಾಗುತ್ತದೆ, ಬೇರಿಂಗ್ ಸ್ವಲ್ಪ ಆಡುತ್ತದೆ, ಬ್ರೇಕ್ ಕಾದರೆ ಹಿಗ್ಗುತ್ತದೆ, ಮಧ್ಯೆ ಜಲ್ಲಿ ಬೇರೆ ಬಂದು ಸೇರಿಕೊಳ್ಳುತ್ತದೆ.

ಪ್ರ: ನನ್ನದು ಥಾರ್ ಎಲ್‌ಎಕ್ಸ್, 18 ಇಂಚಿನ ಅಲಾಯ್. ಕಾಡುದಾರಿಗೆ 16 ಇಂಚು ಒಳ್ಳೆಯದು ಅಂತ ಗೆಳೆಯರು ಹೇಳುತ್ತಾರೆ. ಬ್ರೇಕಿಗೆ ತಾಗುವುದಿಲ್ಲವಾ? 15 ಇಂಚೇ ಹಾಕಬಹುದಾ?
— ತೀರ್ಥಹಳ್ಳಿ

ಉ: ರಿಮ್ಮು ಚಿಕ್ಕದಾದಷ್ಟೂ ಟೈರಿನ ಗೋಡೆ ಎತ್ತರ ಸಿಗುತ್ತದೆ, ಗಾಳಿ ಇಳಿಸಿ ಓಡಿಸಿದಾಗ ಟೈರು ಕಲ್ಲಿನ ಮೇಲೆ ಮೆತ್ತಗೆ ಕೂರುತ್ತದೆ. ನಿಮ್ಮ 255/65 ಆರ್18 ಟೈರಿನ ಗೋಡೆ 166 ಮಿ.ಮೀ. ಅದೇ ಥಾರಿನ ಕಡಿಮೆ ಬೆಲೆಯ ಮಾಡೆಲ್ ಎಎಕ್ಸ್‌ನಲ್ಲಿ ಕಂಪನಿಯೇ ಕೊಟ್ಟಿದ್ದ 245/75 ಆರ್16 ಟೈರಿನ ಗೋಡೆ 184. ಗೆಳೆಯರು ಹೇಳಿದ್ದು ಸರಿ ಇದೆ.

ಎಎಕ್ಸ್ ಅಂದೆನಲ್ಲ, ನಿಮ್ಮ ಉತ್ತರ ಅಲ್ಲೇ ಇದೆ. ಯಾವ ಗಾಡಿಗೇ ಆಗಲಿ, ಚಿಕ್ಕ ರಿಮ್ಮು ಹಾಕಬೇಕು ಅನಿಸಿದಾಗ ಮೊದಲು ಅದೇ ಗಾಡಿಯ ಕಡಿಮೆ ಬೆಲೆಯ ಮಾಡೆಲ್ಲಿಗೆ ಎಷ್ಟು ಇಂಚು ಕೊಟ್ಟಿದ್ದಾರೆ ನೋಡಿ. ಆಮೇಲೆ ಡೀಲರ್ ಹತ್ತಿರ ಪಾರ್ಟ್ಸ್ ಕೌಂಟರಿಗೆ ಹೋಗಿ, ಎರಡೂ ಮಾಡೆಲ್ಲಿನ ಮುಂದಿನ ಕ್ಯಾಲಿಪರ್ ಮತ್ತು ಡಿಸ್ಕಿನ ಪಾರ್ಟ್ ನಂಬರ್ ಒಂದೇನಾ ಅಂತ ಕೇಳಿ. ಒಂದೇ ಆಗಿದ್ದರೆ ಆ ಬ್ರೇಕಿನ ಮೇಲೆ 16 ಇಂಚು ಕೂರುತ್ತದೆ ಅಂತ ಕಾರ್ಖಾನೆಯೇ ಸಾಬೀತು ಮಾಡಿದ ಹಾಗಾಯಿತು.

ಆದರೆ ಪೂರ್ತಿ ಅಲ್ಲ. ಎಎಕ್ಸ್‌ನದು ಸ್ಟೀಲ್ ರಿಮ್ಮು. ಸ್ಟೀಲಿನ ತಗಡು ತೆಳ್ಳಗೆ, ಅಲಾಯ್ ಗೋಡೆ ದಪ್ಪ, ಹಾಗಾಗಿ ಹೊರಗೆ ಅದೇ 16 ಇಂಚಾದರೂ ಒಳಗೆ ಸ್ಟೀಲಿನಲ್ಲಿ ಜಾಗ ಜಾಸ್ತಿ. 16ರ ಸ್ಟೀಲ್ ಕೂತಿದೆ ಅಂತ ಎಲ್ಲ 16ರ ಅಲಾಯೂ ಕೂರಬೇಕಿಲ್ಲ. ನಾನಾದರೆ ಸ್ಟೀಲೇ ಹಾಕುತ್ತಿದ್ದೆ. ಕಲ್ಲಿಗೆ ಬಡಿದು ಅಂಚು ಮಡಚಿದರೆ ಸುತ್ತಿಗೆಯಲ್ಲಿ ತಟ್ಟಿ ಗಾಳಿ ನಿಲ್ಲುವ ಹಾಗೆ ಮಾಡಿ ಮನೆ ಸೇರಬಹುದು, ಅಲಾಯ್ ಬಿರುಕು ಬಿಟ್ಟರೆ ಅಲ್ಲಿಗೆ ಮುಗಿಯಿತು. ಚೆಂದ ಬೇಕು ಅಂದರೆ ಅಲಾಯ್ ತನ್ನಿ, ಮೇಲೆ ಹೇಳಿದ ಹಿಟ್ಟಿನ ಪರೀಕ್ಷೆ ಮಾಡಿ.

ಟೈರಿನ ಒಟ್ಟು ಎತ್ತರದ ಮೇಲೂ ಒಂದು ಕಣ್ಣಿರಲಿ. ನಿಮ್ಮ ಈಗಿನ ಟೈರ್ 789 ಮಿ.ಮೀ. 245/75 ಆರ್16 ಹಾಕಿದರೆ 774, ಗಾಡಿ 7 ಮಿ.ಮೀ. ಕುಸಿಯುತ್ತದೆ. 265/75 ಆರ್16 ಆದರೆ 804, ಆದರೆ ಅದು ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಎಲ್ಲಿ ಉಜ್ಜುತ್ತದೆ ಅಂತ ಬೇರೆಯೇ ನೋಡಬೇಕು.

15 ಇಂಚು? ನಿಮ್ಮ ಈ ಥಾರಿಗೆ ಕಂಪನಿ ಕೊಡದ ಅಳತೆ ಅದು. ನಿಮ್ಮ ಗಾಡಿಯ ಮೇಲೇ ಹಾಕಿ ತಿರುಗಿಸಿ ತೋರಿಸುವವರು ಸಿಗುವ ತನಕ ದುಡ್ಡು ಕೊಡಬೇಡಿ.

ಪ್ರ: ನಮ್ಮ ತೋಟದಲ್ಲಿ ಅಪ್ಪನ ಕಾಲದ ಎಂಎಂ540 ಜೀಪು ಇದೆ. ಇಳಿಜಾರಿನಲ್ಲಿ ಕಾಫಿ ಮೂಟೆ ಹೇರಿಕೊಂಡು ಬರುವಾಗ ಡ್ರಮ್ ಬ್ರೇಕ್ ಸಾಲುತ್ತಿರಲಿಲ್ಲ, ಮುಂದಕ್ಕೆ ಡಿಸ್ಕ್ ಕಿಟ್ ಹಾಕಿಸಿದೆ. ಹಳೆಯ 16 ಇಂಚಿನ ಸ್ಟೀಲ್ ರಿಮ್ಮು ಕ್ಯಾಲಿಪರಿಗೆ ತಾಗಿತು ಅಂತ ಮೆಕ್ಯಾನಿಕ್ ಗ್ರೈಂಡರ್ ಹಿಡಿದು ಕ್ಯಾಲಿಪರಿನ ಮೇಲ್ಭಾಗ ಸವೆಸಿಬಿಟ್ಟ. ಈಗ ಚಕ್ರ ತಿರುಗುತ್ತದೆ. ಓಡಿಸಬಹುದಾ?
— ಸೋಮವಾರಪೇಟೆ

ಉ: ಓಡಿಸಬೇಡಿ. ಬೇರೆ ಕ್ಯಾಲಿಪರ್ ಬರುವ ತನಕ ಗಾಡಿ ಶೆಡ್ಡಿನಲ್ಲೇ ಇರಲಿ.

ಡಿಸ್ಕಿನ ಮೇಲೆ ಸೇತುವೆ ಹಾಗೆ ಬಾಗಿಕೊಂಡಿರುವ ಭಾಗ ಇದೆಯಲ್ಲ, ಅವರು ಸವೆಸಿದ್ದು ಅದನ್ನೇ ತಾನೇ? ಪೆಡಲ್ ಒತ್ತಿದಾಗ ಒಳಗಿನ ಪಿಸ್ಟನ್ ಒಂದು ಕಡೆ ತಳ್ಳುತ್ತದೆ, ಹೊರಗಿನ ಬೆರಳು ಇನ್ನೊಂದು ಕಡೆಯಿಂದ ಎಳೆಯುತ್ತದೆ, ಆ ಪೂರ್ತಿ ಎಳೆತ ಹೊರುವುದು ಆ ಸೇತುವೆ. ಅದು ತೆಳ್ಳಗಾದರೆ ಕ್ಯಾಲಿಪರ್ ಬಾಯಿ ಬಿಡುತ್ತದೆ. ಮೊದಮೊದಲು ಪೆಡಲ್ ಮೆತ್ತಗೆ ಅನಿಸುತ್ತದೆ, ಪ್ಯಾಡ್ ಓರೆಯಾಗಿ ಸವೆಯುತ್ತದೆ. ಎರಕದ ಕಬ್ಬಿಣದಲ್ಲಿ ಗ್ರೈಂಡರ್ ಎಬ್ಬಿಸಿದ ಗೀರಿನಿಂದಲೇ ಬಿರುಕು ಶುರುವಾಗಬಹುದು. ಮೂಟೆ ಹೇರಿಕೊಂಡು ಇಳಿಜಾರಿನಲ್ಲಿ ಅದು ಆಗುವುದು ಬೇಡ. ಇದೇ ಕೆಲಸವನ್ನು ರಿಮ್ಮಿನ ಒಳಗೋಡೆಗೆ ಮಾಡುವವರೂ ಇದ್ದಾರೆ, ಅದೂ ಬೇಡ.

ನಿಮ್ಮ ಹಳೆಯ ರಿಮ್ಮು 6.00-16 ಟೈರಿನ ಕಿರಿದಾದ ರಿಮ್ಮು. ಅದನ್ನು ಮಾಡಿದ ಕಾಲಕ್ಕೆ ಒಳಗೆ ಇದ್ದದ್ದು ಡ್ರಮ್, ಕ್ಯಾಲಿಪರಿಗೆ ಅಂತ ಅದರಲ್ಲಿ ಜಾಗ ಬಿಟ್ಟೇ ಇಲ್ಲ. ಹಾಗಾಗಿ ಬದಲಾಯಿಸಬೇಕಾದ್ದು ರಿಮ್ಮು. ಕಿಟ್ ಮಾರಿದವರನ್ನೇ ಕೇಳಿ, ಯಾವ ರಿಮ್ಮು ಹಾಕಿ ನೀವು ಇದನ್ನು ಪರೀಕ್ಷೆ ಮಾಡಿದ್ದೀರಿ ಅಂತ. ಉತ್ತರ ಇಲ್ಲದವರ ಕಿಟ್ಟು ಕೊಳ್ಳಬಾರದಿತ್ತು, ಹೋಗಲಿ. ನಿಮ್ಮ ಪಿಸಿಡಿ 5×139.7, ಜಿಪ್ಸಿಯದೂ ಅದೇ, ಇನ್ನೂ ಎಷ್ಟೋ ಗಾಡಿಗಳದೂ ಅದೇ, ಹಾಗಾಗಿ ಡಿಸ್ಕ್ ಬ್ರೇಕಿಗಾಗಿಯೇ ಮಾಡಿದ ಸ್ಟೀಲ್ ರಿಮ್ಮು ಬೆಂಗಳೂರಿನ ಜೆ.ಸಿ. ರೋಡಿನ ಕಡೆ ಹುಡುಕಿದರೆ ಸಿಗುತ್ತದೆ. ನಡುವಿನ ತೂತು ನಿಮ್ಮ ಹಬ್ಬಿನ ಮೇಲೆ ಇಳಿಯುತ್ತದಾ ಅಂತ ಅಳತೆ ಹಿಡಿದು ಹೋಗಿ. ಪಿಕಪ್ ಟ್ರಕ್ಕಿನ ಆಮದು ರಿಮ್ಮು ಅಂತ ತೋರಿಸಿದರೆ ಹುಷಾರು. ಉದಾಹರಣೆಗೆ ಅಮೆರಿಕದ ಹಳೆಯ ಡಾಡ್ಜ್ ರಾಮ್ 1500ದೂ 5×139.7, ಆದರೆ ಅದರ ತೂತು 78 ಮಿ.ಮೀ. ಹತ್ತಿರ, ಜೀಪಿನ ಹಬ್ಬಿಗೆ ಇಳಿಯುವುದಿಲ್ಲ.

ಇದ್ದ ರಿಮ್ಮನ್ನೇ ಕುಯ್ದು, ಪಟ್ಟಿ ಸೇರಿಸಿ ವೆಲ್ಡ್ ಮಾಡಿ ಅಗಲ ಮಾಡಿಕೊಡುತ್ತೇವೆ ಅನ್ನುವವರೂ ಸಿಗುತ್ತಾರೆ. ನಮಸ್ಕಾರ ಹೇಳಿ ಬನ್ನಿ.

ಇನ್ನೆರಡು ವಿಷಯ. ನಾಲ್ಕೂ ಡ್ರಮ್ ಇದ್ದಾಗ ಹಾಕಿದ್ದ ಮಾಸ್ಟರ್ ಸಿಲಿಂಡರೇ (ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆಯನ್ನು ತಳ್ಳುವ ಭಾಗ) ಇನ್ನೂ ಇದ್ದರೆ ಡಿಸ್ಕಿಗೆ ಬೇಕಾದ ಒತ್ತಡ ಸಿಗುತ್ತಿದೆಯಾ ಅಂತ ತೋರಿಸಿ, ಪೆಡಲ್ ಹಗುರ ಮಾಡುವ ಬೂಸ್ಟರ್ ಇಲ್ಲದ ಜೀಪಿನಲ್ಲಿ ಡಿಸ್ಕ್ ಹಾಕಿ ಪೆಡಲ್ ಕಲ್ಲಾಯಿತು ಅಂತ ಗೋಳಾಡುವವರು ಬಹಳ ಜನ. ಮತ್ತೆ ಕೆಲವು ಹಳೆಯ ಜೀಪುಗಳಲ್ಲಿ ಎಡಗಡೆ ಚಕ್ರದ ಸ್ಟಡ್ಡಿಗೆ ಉಲ್ಟಾ ಥ್ರೆಡ್ ಇರುತ್ತದೆ, ಹೊಸ ನಟ್ ತರುವ ಮುಂಚೆ ನೋಡಿಕೊಳ್ಳಿ.

ಪ್ರ: ಸ್ಕಾರ್ಪಿಯೋಗೆ ಬೇರೆ ಅಲಾಯ್ ಹಾಕಿಸಿ ಒಂದು ವರ್ಷ ಆರಾಮಾಗಿ ಓಡಿಸಿದೆ. ಹೋದ ವಾರ ಮುಂದಿನ ಬ್ರೇಕ್ ಪ್ಯಾಡ್ ಬದಲಾಯಿಸಿದೆ. ಅವತ್ತಿನಿಂದ ತಿರುವಿನಲ್ಲಿ ಕಿರ್ ಕಿರ್ ಅನ್ನುತ್ತದೆ. ಪ್ಯಾಡ್ ಡೂಪ್ಲಿಕೇಟಾ?
— ಹೊಸಪೇಟೆ

ಉ: ಪ್ಯಾಡ್ ಒರಿಜಿನಲ್ಲೇ ಇರಬಹುದು, ಅದರ ದಪ್ಪವೇ ನಿಮ್ಮ ತೊಂದರೆ.

ಈ ಥರದ ಗಾಡಿಗಳಲ್ಲಿ ಸಾಮಾನ್ಯವಾಗಿ ಇರುವುದು ಪಿನ್ನಿನ ಮೇಲೆ ಜಾರುವ ಕ್ಯಾಲಿಪರ್. ಪಿಸ್ಟನ್ ಒಳಬದಿಗೆ ಮಾತ್ರ. ಹೊರಗಿನ ಪ್ಯಾಡ್ ಸವೆಯುತ್ತ ಹೋದ ಹಾಗೆ ಕ್ಯಾಲಿಪರಿನ ಮೈ ಪೂರ್ತಿ ಒಳಕ್ಕೆ ಜಾರುತ್ತದೆ, ಅಂದರೆ ಸ್ಪೋಕಿನಿಂದ ದೂರ ಹೋಗುತ್ತದೆ. ನೀವು ಅಲಾಯ್ ಹಾಕಿಸಿದ ದಿನ ಪ್ಯಾಡ್ ಅರ್ಧ ಸವೆದಿತ್ತು ಅಂತ ಕಾಣುತ್ತದೆ. ಅವತ್ತು ಸಿಕ್ಕ ಜಾಗ ಅದೇ ಸವೆತದ್ದು. ಈಗ ಹೊಸ ದಪ್ಪ ಪ್ಯಾಡ್ ಬಂತು, ಕ್ಯಾಲಿಪರ್ ಕೆಲವು ಮಿ.ಮೀ. ಹೊರಕ್ಕೆ ಬಂತು, ತಿರುವಿನಲ್ಲಿ ರಿಮ್ಮು ಚೂರು ಬಾಗಿದಾಗ ಉಜ್ಜಿತು. ಚಕ್ರ ಬಿಚ್ಚಿ ಸ್ಪೋಕಿನ ಬೆನ್ನು ನೋಡಿ, ಪೇಂಟ್ ಹೋಗಿ ಹೊಳೆಯುವ ಒಂದು ಬಳೆ ಥರದ ಗೆರೆ ಕಂಡರೆ ಇದೇ ಕಾರಣ.

ಗೆರೆ ಕಂಡರೆ ಆ ರಿಮ್ಮು ಮುಂದೆ ಬೇಡ. ಪ್ಯಾಡ್ ಸವೆದ ಮೇಲೆ ತಾನೇ ಸರಿಹೋಗುತ್ತದೆ ಅಂತ ಯಾರಾದರೂ ಹೇಳಿದರೆ, ಹೌದು, ಸರಿಹೋಗುತ್ತದೆ, ಅಷ್ಟರಲ್ಲಿ ಸ್ಪೋಕಿನಲ್ಲಿ ಕಾಲುವೆ ತೋಡಿರುತ್ತದೆ. ಹೊಸ ರಿಮ್ಮು ಹಾಕಿ ನೋಡುವವರೆಲ್ಲ ಹೊಸ ಪ್ಯಾಡ್ ಇರುವಾಗಲೇ ನೋಡಿ. ಹಳೆಯದಿದ್ದರೆ ಎಷ್ಟು ಸವೆದಿದೆಯೋ ಅಷ್ಟನ್ನು ಹಿಟ್ಟಿನ ದಪ್ಪದಿಂದ ಕಳೆಯಿರಿ.

ಗೆರೆ ಇಲ್ಲದಿದ್ದರೆ ಡಿಸ್ಕಿನ ಹಿಂದಿನ ತಗಡು ಬಾಗಿದೆಯಾ ನೋಡಿಸಿ, ಪ್ಯಾಡ್ ಹಾಕುವಾಗ ಕೈ ತಾಗಿ ಬಾಗುವುದುಂಟು.

ಪ್ರ: ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್ ಇದೆ. ಫೋರ್ಡ್ ಎಂಡೆವರ್‌ನ ಸೆಕೆಂಡ್ ಹ್ಯಾಂಡ್ ಅಲಾಯ್ ಅಗ್ಗಕ್ಕೆ ಸಿಗುತ್ತಿವೆ. ಎರಡೂ 6×139.7. ತಗೊಳ್ಳಲಾ?
— ಬೆಳಗಾವಿ

ಉ: ಬೇಡ. ಎಂಡೆವರ್ ರಿಮ್ಮಿನ ತೂತು 93.1 ಮಿ.ಮೀ., ನಿಮ್ಮ ಹಬ್ಬು 100. ಇಳಿಯುವುದೇ ಇಲ್ಲ. ಲೇತಿನಲ್ಲಿ ಕೊರೆಸಿ ದೊಡ್ಡದು ಮಾಡಿಕೊಡುತ್ತಾರೆ, ಗೊತ್ತು. ಆಮೇಲೂ ತೊಂದರೆ ಮುಗಿಯುವುದಿಲ್ಲ. ಫೋರ್ಡಿನ ಆಫ್‌ಸೆಟ್ 55, ನಿಮ್ಮದು 33. ಅಂದರೆ ಚಕ್ರ 22 ಮಿ.ಮೀ. ಒಳಕ್ಕೆ ಕೂರುತ್ತದೆ. ಸ್ಪೋಕು ಕ್ಯಾಲಿಪರಿನ ಕಡೆಗೆ ಬಂತು, ರಿಮ್ಮಿನ ಒಳ ಅಂಚು ಸಸ್ಪೆನ್ಷನ್ ಕಡೆಗೆ ಹೋಯಿತು. ಅಗ್ಗದ ರಿಮ್ಮಿಗೆ ದುಬಾರಿ ಸ್ಪೇಸರ್ ಹುಡುಕುತ್ತ ಕೂರಬೇಕಾಗುತ್ತದೆ.

ಸೆಕೆಂಡ್ ಹ್ಯಾಂಡೇ ಬೇಕು ಅಂದರೆ ಫಾರ್ಚುನರ್, ಹೈಲಕ್ಸ್ ರಿಮ್ಮು ನೋಡಿ. ಅದೂ 6×139.7, ತೂತು 106, ಆಫ್‌ಸೆಟ್ 30ರ ಆಸುಪಾಸು, ನಿಮ್ಮದಕ್ಕೆ ಹತ್ತಿರ. ಸುತ್ತ 3 ಮಿ.ಮೀ. ಸಂದಿ ಉಳಿಯುತ್ತದೆ, ಅದಕ್ಕೆ ಸರಿಯಾದ ಹಬ್ ರಿಂಗ್ (ಸಂದಿ ತುಂಬುವ ಬಳೆ) ಹಾಕಿಸಿ, ಇಲ್ಲದಿದ್ದರೆ ರಿಮ್ಮು ನಡುವಿಗೆ ಕೂರದೆ 80ರ ಸ್ಪೀಡಿನಲ್ಲಿ ಸ್ಟೀರಿಂಗ್ ನಡುಗುತ್ತದೆ. ಇಲ್ಲೂ ಹಿಟ್ಟಿನ ಪರೀಕ್ಷೆ ತಪ್ಪಿಸಬೇಡಿ.

ಪ್ರ: ಹೊಸ ರಿಮ್ಮಿನಲ್ಲಿ ಬ್ಯಾಲೆನ್ಸಿಂಗ್ ಮಾಡಿಸಿದರೂ ಪ್ರತಿ ಟ್ರೇಲ್ (ಕಾಡುದಾರಿ ಓಟ) ಆದ ಮೇಲೆ ಹೈವೇಯಲ್ಲಿ ಗಾಡಿ ನಡುಗುತ್ತದೆ. ಯಾಕೆ?
— ಮೂಡಿಗೆರೆ

ಉ: ಮೊದಲು ರಿಮ್ಮಿನ ಒಳಗಿನ ಕೆಸರು ತೊಳೆದು ನೋಡಿ. ಒಣಗಿದ ಕೆಸರು ಒಂದೇ ಕಡೆ ಅಂಟಿಕೊಂಡರೆ ಅಷ್ಟೇ ಸಾಕು ನಡುಗುವುದಕ್ಕೆ.

ತೊಳೆದ ಮೇಲೂ ನಡುಗಿದರೆ ತೂಕದ ತುಂಡುಗಳನ್ನು ಹುಡುಕಿ. ಅಲಾಯ್ ಚೆಂದ ಕಾಣಲಿ ಅಂತ ಅಂಟಿಸುವ ತೂಕಗಳನ್ನು ಒಳಗೋಡೆಗೆ ಹಾಕುತ್ತಾರೆ, ಎಷ್ಟೋ ಸಲ ಸರಿಯಾಗಿ ಕ್ಯಾಲಿಪರಿನ ನೆತ್ತಿಯ ಮೇಲೆ. ಆ ತುಂಡು ಮೂರು ನಾಲ್ಕು ಮಿ.ಮೀ. ದಪ್ಪ. ನಿಮ್ಮ ರಿಮ್ಮಿಗೆ ಇರುವ ಜಾಗವೇ ಅಷ್ಟಾಗಿದ್ದರೆ ಕ್ಯಾಲಿಪರ್ ಅದನ್ನು ಕಿತ್ತು ಬಿಸಾಡುತ್ತದೆ. ಜಾಗ ಇದ್ದರೂ ಕೆಸರು ಕೀಳುತ್ತದೆ. ಟೈರ್ ಅಂಗಡಿಯಲ್ಲಿ ಹೇಳಿ, ತೂಕವನ್ನು ಕ್ಯಾಲಿಪರಿನಿಂದ ದೂರ, ಒಳ ಅಂಚಿನ ಕಡೆ ಹಾಕಲಿ. ಅಂಟಿಸುವ ಮುಂಚೆ ಜಾಗ ಒರೆಸಿ ಒಣಗಿಸಲಿ. ಅಂಚಿಗೆ ಕ್ಲಿಪ್ ಹಾಕುವ ಥರದ್ದು ಆದರೆ ಇನ್ನೂ ಗಟ್ಟಿ, ಕಲ್ಲಿಗೆ ಬಡಿದರೆ ಅದೂ ಹಾರುತ್ತದೆ ಅನ್ನೋದು ಬೇರೆ ಮಾತು.

ಟ್ರೇಲಿನ ಮಧ್ಯೆ ಒಮ್ಮೆಲೇ ಕರ್ರ್ ಅಂತ ಲೋಹ ಕೆರೆದ ಸದ್ದು ಬಂದರೆ ಕ್ಯಾಲಿಪರಿಗೂ ರಿಮ್ಮಿಗೂ ಮಧ್ಯೆ ಕಲ್ಲು ಸಿಕ್ಕಿದೆ ಅಂತ. ನಿಲ್ಲಿಸಿ, ನಿಧಾನಕ್ಕೆ ಒಂದೆರಡು ಅಡಿ ರಿವರ್ಸ್ ತೆಗೆಯಿರಿ, ಹೆಚ್ಚಾಗಿ ಬಿದ್ದುಹೋಗುತ್ತದೆ. ಮುಂದಕ್ಕೆ ಓಡಿಸಿ ಬೀಳಿಸುತ್ತೇನೆ ಅಂತ ಹೊರಟರೆ ಗೋಡೆಯ ಸುತ್ತ ಗೀರು ಬೀಳುತ್ತದೆ.

ಪ್ರ: ರಿಮ್ಮು, ಟೈರ್ ಬದಲಾಯಿಸಿದರೆ ಆರ್‌ಟಿಒದವರು ಹಿಡಿಯುತ್ತಾರಾ?
— ದಾವಣಗೆರೆ

ಉ: ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ಬೇರೆಯಾಗುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ, ಕೇರಳದಿಂದ ಹೋದ ಒಂದು ಕೇಸಿನಲ್ಲಿ, ಇದನ್ನೇ ಗಟ್ಟಿಯಾಗಿ ಹೇಳಿದೆ. ಅದೇ ಗಾಡಿಯ ಇನ್ನೊಂದು ಮಾಡೆಲ್ಲಿಗೆ ಕಂಪನಿ ಕೊಟ್ಟ ಅಳತೆಯೊಳಗೇ ಇದ್ದರೆ ವಾದ ಮಾಡುವುದಕ್ಕೆ ನಿಮಗೂ ಒಂದು ಆಧಾರ ಇರುತ್ತದೆ. ಫೆಂಡರಿನಿಂದ ಆಚೆ ಚಕ್ರ ಚಾಚಿಸಿಕೊಂಡು ಹೊರಟರೆ ಪೊಲೀಸರು ಹಿಡಿಯದಿದ್ದರೂ, ಅಪಘಾತ ಆದ ದಿನ ಇನ್ಶೂರೆನ್ಸಿನವರು ಹಿಡಿಯುತ್ತಾರೆ. ಬಿಲ್ ಇಟ್ಟುಕೊಳ್ಳಿ. ಒಂದು ಚಕ್ರಕ್ಕೆ ಎಷ್ಟು ಕೆ.ಜಿ. ಹೊರುವ ಶಕ್ತಿ ಅಂತ ರಿಮ್ಮಿನ ಮೇಲೆ ಅಚ್ಚಾಗಿದೆಯಾ ನೋಡಿ. ಅದಿಲ್ಲದ ರಿಮ್ಮು ಎಷ್ಟೇ ಕಡಿಮೆ ಬೆಲೆಗೆ ಸಿಕ್ಕಿದರೂ ಬೇಡ.

ಪ್ರ: ಫಾರ್ಚುನರ್‌ಗೆ ಬೇರೆ ಕಂಪನಿಯ 17 ಇಂಚಿನ ಅಲಾಯ್ ಹಾಕಿಸಿದೆ. ಬ್ರೇಕಿಗೆ ತಾಗುವುದಿಲ್ಲ, ನೋಡಿದ್ದೇನೆ. ಕಂಪನಿಯ ನಟ್ಟುಗಳನ್ನೇ ಹಾಕಿದ್ದಾರೆ. ಎರಡು ಸಲ ಸಡಿಲ ಆದವು. ಇನ್ನೂ ಜೋರಾಗಿ ಬಿಗಿ ಮಾಡಿಸಲಾ?
— ಕುಂದಾಪುರ

ಉ: ಜೋರು ಮಾಡಿ ಪ್ರಯೋಜನ ಇಲ್ಲ, ನಟ್ಟೇ ತಪ್ಪು. ಟೊಯೊಟಾ ಅಲಾಯ್ ಜೊತೆ ಬರುವ ನಟ್ಟಿಗೆ ಕೆಳಗೆ ಚಪ್ಪಟೆ ವಾಷರ್ ಇರುತ್ತದೆ, ಅದರ ಉದ್ದನೆಯ ಕತ್ತು ರಿಮ್ಮಿನ ತೂತಿನೊಳಗೆ ಇಳಿಯುತ್ತದೆ. ಹೊರಗಿನ ಕಂಪನಿಗಳ ರಿಮ್ಮಿನಲ್ಲಿ ಸಾಮಾನ್ಯವಾಗಿ ಆ ತೂತು ಕೋನ್ ಆಕಾರದ್ದು, 60 ಡಿಗ್ರಿ ಇಳಿಜಾರಿನದು. ಚಪ್ಪಟೆ ವಾಷರ್ ಆ ಕೋನಿನ ಅಂಚಿನ ಮೇಲೆ ಮಾತ್ರ ಕೂತಿರುತ್ತದೆ. ರಿಮ್ಮು ನಡುವಿಗೂ ಬರುವುದಿಲ್ಲ, ಹಿಡಿತವೂ ನಿಲ್ಲುವುದಿಲ್ಲ. ಒಂದು ನಟ್ ಬಿಚ್ಚಿ, ರಿಮ್ಮಿನ ತೂತಿಗೆ ಬೆರಳು ಹಾಕಿ ನೋಡಿದರೆ ಗೊತ್ತಾಗುತ್ತದೆ, ಇಳಿಜಾರು ಇದ್ದರೆ ಕೋನ್ ನಟ್ಟೇ ಬೇಕು. ನಿಮ್ಮ ಸ್ಟಡ್ 12 ಮಿ.ಮೀ., ಪಿಚ್ 1.5. ಅಂಗಡಿಯಲ್ಲಿ ಹಾಗೇ ಕೇಳಿ, ಇಪ್ಪತ್ನಾಲ್ಕೂ ಬದಲಾಯಿಸಿ. ಸ್ಟೆಪ್ನಿ ಹಳೆಯ ಕಂಪನಿ ರಿಮ್ಮೇ ಆಗಿದ್ದರೆ ಅದಕ್ಕೆ ಬೇಕಾದ ಆರು ಹಳೆಯ ನಟ್ಟನ್ನು ಒಂದು ಚೀಲದಲ್ಲಿ ಕಟ್ಟಿ ಟೂಲ್ ಕಿಟ್ಟಿನಲ್ಲಿ ಇಟ್ಟಿರಿ.

ಎರಡು ಸಲ ಸಡಿಲ ಆದ ಚಕ್ರದ ಸ್ಟಡ್ಡುಗಳನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿಸಿ. ಥ್ರೆಡ್ ಚಪ್ಪಟೆ ಆಗಿದ್ದರೆ ಸ್ಟಡ್ಡೂ ಹೊಸದು ಹಾಕಿಸಿ. ರಿಮ್ಮಿನ ತೂತಿನ ಅಂಚು ಜಜ್ಜಿಹೋಗಿದ್ದರೆ ಆ ರಿಮ್ಮನ್ನು ತೆಗೆದಿಡಿ. ಹೊಸ ನಟ್ಟನ್ನು ಏರ್ ಗನ್ನಿನಲ್ಲಿ ಹೊಡೆಸದೆ ಟಾರ್ಕ್ ರೆಂಚಿನಲ್ಲಿ, ನಕ್ಷತ್ರದ ಹಾಗೆ ಎದುರುಬದುರಾಗಿ, ಮ್ಯಾನ್ಯುಯಲ್ಲಿನಲ್ಲಿ ಹೇಳಿದಷ್ಟೇ ಬಿಗಿ ಮಾಡಿಸಿ. ಕುಂದಾಪುರದಿಂದ ಉಡುಪಿಗೆ ಹೋಗಿ ಬರುವಷ್ಟು ಓಡಿಸಿದ ಮೇಲೆ, ಚಕ್ರ ತಣ್ಣಗಾದಾಗ, ಇನ್ನೊಂದು ಸಲ ರೆಂಚ್ ಹಾಕಿ ನೋಡಿ.